ಚಙಾಯಿ ಅಂದ್ರೆ ಯಾರು?

ಕಳೆದ ವಾರ ಮದ್ರಸದಲ್ಲಿ ಐದನೇ ತರಗತಿಯ ಮಕ್ಕಳಿಗೆ ಅರಬಿ ಪದಗಳ ಅರ್ಥ ಕೇಳುತ್ತಿದ್ದೆ. ‘ಸದೀಕ್’ ಅಂದ್ರೆ ಏನು ಎಂದಾಗ ಹಿಂದಿನ ಬೆಂಚಿನ ಹುಡುಗ ತಟ್ಟನೆ ‘ದೋಸ್ತಿ’ ಅಂದ. ಅವನ ಪಕ್ಕದವನು ‘ಚಙಾಯಿ’ ಅಂದ. ಎರಡೂ ಸರಿ ಎಂದೆ. ಅಷ್ಟರಲ್ಲಿ ಇನ್ನೊಬ್ಬ ಎದ್ದು ನಿಂತು, ‘‘ಉಸ್ತಾದೇ, ಹಾಗಾದ್ರೆ ನಮ್ಮ ಕ್ಲಾಸಿನ ಸಿದ್ದೀಕ್‌ನ ಹೆಸರಿಗೂ ಚಙಾಯಿ ಅಂತಲೇ ಅರ್ಥವಾ?’’ ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

ಹುಡುಗ ಕೇಳಿದ್ದರಲ್ಲಿ ತಪ್ಪೇನಿಲ್ಲ. ಸ್ವಾದ್, ದಾಲ್, ಕಾಫ್ ಎಂಬ ಮೂರೇ ಅಕ್ಷರಗಳಿಂದ ಎಷ್ಟೊಂದು ಪದಗಳು ಹುಟ್ಟಿವೆ ನೋಡಿ. ‘ಸಿದ್ಕ್’ ಅಂದ್ರೆ ಸತ್ಯ. ‘ಸಾದಿಕ್’ ಅಂದ್ರೆ ಸತ್ಯ ಹೇಳುವವನು. ‘ಸಿದ್ದೀಕ್’ ಅಂದ್ರೆ ಸತ್ಯವನ್ನೇ ಉಸಿರಾಡುವಷ್ಟು ಸತ್ಯವಂತ. ನಾವು ಕೊಡುವ ‘ಸದಕ’ವೂ ಇದೇ ಮೂಲದ್ದು. ಕುರ್‌ಆನಿನ ನಾಲ್ಕನೇ ಅಧ್ಯಾಯದಲ್ಲಿ ಹೆಣ್ಣಿಗೆ ಕೊಡಬೇಕಾದ ಮಹರ್‌ಗೆ ಬಳಸಿರುವ ಪದವೂ ಇದೇ ಕುಟುಂಬದ್ದು. ಇದೇ ಕುಟುಂಬದ ಇನ್ನೊಂದು ಪದ ‘ಸದೀಕ್’, ಅಂದರೆ ಗೆಳೆಯ. ಹಾಗಾಗಿ ಸತ್ಯವನ್ನು ಬಿಟ್ಟು ‘ಸದೀಕ್’ ಎಂಬ ಪದವೇ ಇಲ್ಲ. ಜೊತೆಗೆ ಚಾ ಕುಡಿಯುವವನು, ಬೈಕಿನ ಹಿಂದೆ ಕೂರುವವನು, ಸ್ಟೇಟಸ್‌ಗೆ ಹಾರ್ಟ್ ಒತ್ತುವವನು ‘ಸದೀಕ್’ ಆಗುವುದಿಲ್ಲ. ನಿನ್ನ ಜೊತೆ ಸತ್ಯವಾಗಿ ಇರುವವನು ಸದೀಕ್.

ನಮ್ಮ ಮನೆಗಳಲ್ಲಿ ಸಿದ್ದೀಕ್, ಸಾದಿಕ್ ಎಂಬ ಹೆಸರಿನ ಮಕ್ಕಳಿಗೆ ಬರವಿಲ್ಲ. ಆ ಹೆಸರು ನಮಗೆ ಬಂದದ್ದು ಅಬೂಬಕರ್ (ರ) ಅವರಿಂದ. ಪ್ರವಾದಿ (ಸ) ಅವರು ಇಸ್ರಾಅ್ ಮಿಅ್‌ರಾಜ್‌ನ ಮರುದಿನ ನಡೆದದ್ದನ್ನು ಹೇಳಿದಾಗ ಮಕ್ಕಾದ ಜನ ಗೇಲಿ ಮಾಡಿದರು. ಅಬೂಬಕರ್ (ರ) ಮಾತ್ರ, ಅವರು ಹೇಳಿದ್ದಾದರೆ ಅದು ನಿಜವೇ ಎಂದುಬಿಟ್ಟರು. ಸಿದ್ದೀಕ್ ಎಂಬ ಬಿರುದು ಅಲ್ಲಿಂದ ಬಂತು. ಹಿಜ್‌ರಾದ ದಾರಿಯಲ್ಲಿ ಸೌರ್ ಗುಹೆಯಲ್ಲಿ ಮೂರು ರಾತ್ರಿ ಪ್ರವಾದಿಯ ಜೊತೆಗಿದ್ದವರೂ ಅವರೇ. ಕುರ್‌ಆನ್ ಅವರನ್ನು ಅಲ್ಲಿ ಪ್ರವಾದಿಯ ಸಂಗಾತಿ ಎಂದೇ ಕರೆದಿದೆ. ಹಾಗಾದರೆ ಮಕ್ಕಳ ಪ್ರಶ್ನೆಗೆ ಉತ್ತರ ಏನು? ಸಿದ್ದೀಕ್ ಅಂದ್ರೆ ಚಙಾಯಿ ಅಂತ ಅರ್ಥವಲ್ಲ. ಆದರೆ ಸಿದ್ದೀಕ್ ಆದವನೇ ನಿಜವಾದ ಚಙಾಯಿ.

ಬೀಗದ ಕೈ ಕೊಟ್ಟವನು

ಸೂರಃ ಅನ್ನೂರ್‌ನ 61ನೇ ಆಯತ್‌ನಲ್ಲಿ, ಯಾರ ಯಾರ ಮನೆಯಲ್ಲಿ ನೀವು ಸಂಕೋಚವಿಲ್ಲದೆ ಉಣ್ಣಬಹುದು ಎಂಬ ಪಟ್ಟಿ ಇದೆ. ನಿಮ್ಮ ಮನೆ, ತಂದೆಯ ಮನೆ, ತಾಯಿಯ ಮನೆ, ಸಹೋದರರದ್ದು, ಸಹೋದರಿಯರದ್ದು, ತಂದೆಯ ಒಡಹುಟ್ಟಿದವರದ್ದು, ತಾಯಿಯ ಒಡಹುಟ್ಟಿದವರದ್ದು. ಇಲ್ಲಿಯವರೆಗೆ ಎಲ್ಲ ರಕ್ತಸಂಬಂಧ. ಆಮೇಲೆ ಎರಡು ಬಗೆಯ ಮನೆಗಳು ಬರುತ್ತವೆ. ಒಂದು, ಬೀಗದ ಕೈ ನಿಮ್ಮ ಕೈಯಲ್ಲಿರುವ ಮನೆ. ಇನ್ನೊಂದು, ನಿಮ್ಮ ‘ಸದೀಕ್’ನ ಮನೆ.

ಇದನ್ನು ಓದುವಾಗೆಲ್ಲ ನನಗೆ ನಮ್ಮ ಊರುಗಳೇ ನೆನಪಾಗುತ್ತವೆ. ಗಲ್ಫಿಗೆ ಹೊರಟ ಗಂಡಸರು ಮನೆಯ ಇನ್ನೊಂದು ಕೀಲಿಯನ್ನು, ಬ್ಯಾಂಕಿನ ಪಾಸ್‌ಬುಕ್ಕನ್ನು, ಜಾಗದ ಆರ್‌ಟಿಸಿಯನ್ನು ಯಾರ ಕೈಗೆ ಕೊಟ್ಟು ಹೋಗುತ್ತಿದ್ದರು? ಎಷ್ಟೋ ಮನೆಗಳಲ್ಲಿ ಅಣ್ಣ ತಮ್ಮಂದಿರಿಗಿಂತ ಮೊದಲು ಚಙಾಯಿಗೆ. ಉಮ್ಮನಿಗೆ ಎದೆನೋವು ಬಂದರೆ ಮಧ್ಯರಾತ್ರಿ ಕಾರು ತರುವವನು ಅವನು. ತಂಗಿಯ ನಿಕಾಹ್‌ಗೆ ಹಾಲ್ ಬುಕ್ ಮಾಡುವವನು ಅವನು. ಕಟ್ಟುತ್ತಿರುವ ಮನೆಯ ಸಿಮೆಂಟಿನ ಲೆಕ್ಕ ಇಡುವವನೂ ಅವನೇ. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ವ್ಯಾಪಾರ ನಿಲ್ಲುವುದು ನಂಬಿಕೆಯ ಮೇಲೆ. ಹಾಗೆ ನೋಡಿದರೆ ನಂಬಿಗಸ್ತ ಗೆಳೆಯ ಎಂಬುದು ನಮ್ಮ ಸಮುದಾಯದ ಹಳೆಯ ಬಂಡವಾಳ.

ಆ ಬಂಡವಾಳ ಕರಗುತ್ತಿದೆಯಾ ಎಂಬುದೇ ನನ್ನ ಚಿಂತೆ. ಇವತ್ತು ‘ಚಙಾಯಿ’ ಎಂಬ ಪದವನ್ನು ನಾವು ಹೆಚ್ಚಾಗಿ ಯಾವಾಗ ಬಳಸುತ್ತೇವೆ? ‘‘ಚಙಾಯಿ ಅಲ್ವಾ, ಬಿಡು.’’ ‘‘ಚಙಾಯಿ ಅಲ್ವಾ, ಹೇಗೆ ಹೇಳೋದು?’’ ‘‘ಚಙಾಯಿ ಅಲ್ವಾ, ಬರೆದು ಕೊಡು ಅಂತ ಕೇಳೋಕ್ಕಾಗುತ್ತಾ?’’ ಅಂದರೆ ಸತ್ಯದಿಂದ ಹುಟ್ಟಿದ ಸಂಬಂಧದ ಹೆಸರನ್ನು ಸತ್ಯ ಮುಚ್ಚಿಡುವುದಕ್ಕೆ ಬಳಸುತ್ತಿದ್ದೇವೆ.

ನನ್ನದೇ ಒಂದು ತಪ್ಪು

ಇತರರಿಗೆ ಬುದ್ಧಿ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಸಂಬಂಧಪಟ್ಟ ಗೆಳೆಯನ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಹನ್ನೆರಡು ವರ್ಷಗಳ ಹಿಂದೆ, ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಗೆ ಬರುವಾಗ ಪಕ್ಕದ ಊರಿನ ಹಿರಿಯರೊಬ್ಬರು ನನ್ನನ್ನು ಕಾದು ನಿಂತಿದ್ದರು. ಸಲಾಂ ಹೇಳಿ ಬದಿಗೆ ಕರೆದರು. ಅವರ ಸೊಸೆಗೆ, ಅಂದರೆ ತಂಗಿಯ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ನನ್ನ ಚಙಾಯಿ. ‘‘ಉಸ್ತಾದೇ, ನೀವು ಒಟ್ಟಿಗೆ ಬೆಳೆದವರು. ಆ ಮಗುವಿಗೆ ಬಾಪ ಇಲ್ಲ. ನಿಮ್ಮ ಮಾತಿನ ಮೇಲೆ ನಾವು ಮುಂದುವರಿಯೋದು’’ ಅಂದರು.

ನನಗೆ ಗೊತ್ತಿತ್ತು. ಅವನಿಗೆ ಜುಗಾರಿಯ ಚಟ ಇತ್ತು. ಎರಡು ಸಲ ಅಂಗಡಿಯ ಹಣ ಕಳೆದು, ಸಾಲ ಮಾಡಿ ತುಂಬಿಸಿದ್ದ. ನನ್ನ ಹತ್ತಿರವೂ ತೆಗೆದುಕೊಂಡಿದ್ದ. ಆದರೆ ನಾನು ಹೇಳಿದ್ದು ಇಷ್ಟೇ: ‘‘ಒಳ್ಳೆ ಹುಡುಗ. ಮದುವೆಯಾದ್ರೆ ಇನ್ನೂ ಒಳ್ಳೆಯದಾಗ್ತಾನೆ.’’ ಹಾಗೆ ಹೇಳಿದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ‘ಚಙಾಯಿ ಅಲ್ವಾ’ ಎಂಬ ಒಂದೇ ಮಾತು.

ನಾಲ್ಕು ವರ್ಷ ಕಳೆಯುವುದರೊಳಗೆ ಆ ಹೆಣ್ಣುಮಗಳ ಚಿನ್ನವೆಲ್ಲ ಅಡವಿಗೆ ಹೋಯಿತು. ಇಬ್ಬರು ಮಕ್ಕಳನ್ನು ಕರೆದುಕೊಂಡು ಅವಳು ಉಮ್ಮನ ಮನೆಗೆ ಬಂದಳು. ಆ ಹಿರಿಯರು ನನಗೆ ಒಂದು ಕೆಟ್ಟ ಮಾತು ಹೇಳಲಿಲ್ಲ. ಎದುರು ಸಿಕ್ಕಿದಾಗ, ‘‘ನಿಮಗೆ ಆಗ ಗೊತ್ತಿತ್ತಾ ಉಸ್ತಾದೇ?’’ ಎಂದು ಒಂದೇ ಪ್ರಶ್ನೆ ಕೇಳಿದರು. ನಾನು ತಲೆ ತಗ್ಗಿಸಿದೆ. ಅದೇ ಉತ್ತರವಾಯಿತು.

ಅದಕ್ಕಿಂತಲೂ ನೋವಾದದ್ದು ಗೆಳೆಯನ ಮಾತಿನಿಂದ. ಎಲ್ಲ ಕಳೆದುಕೊಂಡ ಮೇಲೆ ಒಂದು ಸಂಜೆ ಅವನು ನನ್ನ ಮನೆಗೆ ಬಂದು ಜಗಲಿಯಲ್ಲಿ ಕೂತ. ‘‘ಎಲ್ಲರೂ ನನ್ನ ಹಿಂದೆ ಮಾತಾಡಿದ್ರು. ಮುಖಕ್ಕೆ ಹೊಡೆದ ಹಾಗೆ ನೀನಾದ್ರೂ ಒಂದು ಸಲ ಹೇಳಬಹುದಿತ್ತು’’ ಅಂದ. ನಾನು ಅವನನ್ನು ಕಾಪಾಡಿದೆ ಎಂದುಕೊಂಡಿದ್ದೆ. ನಿಜವಾಗಿ ಆ ಹುಡುಗಿಗೆ ಮಾತ್ರವಲ್ಲ, ಅವನಿಗೂ ನಾನು ದ್ರೋಹ ಮಾಡಿದ್ದೆ.

ಹೇಳಬೇಕಾದಾಗ ಹೇಳುವುದು

ಕಿತಾಬ್ ಓದಿದ ನನಗೆ ಮಸ್‌ಅಲ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಫಾತಿಮಾ ಬಿಂತ್ ಕೈಸ್ (ರ) ಅವರ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದ್ದತ್ ಮುಗಿದ ಮೇಲೆ ಅವರಿಗೆ ಮುಆವಿಯಾ (ರ) ಮತ್ತು ಅಬೂ ಜಹ್ಮ್ (ರ) ಅವರಿಂದ ಪ್ರಸ್ತಾಪ ಬಂತು. ಪ್ರವಾದಿ (ಸ) ಅವರಲ್ಲಿ ಸಲಹೆ ಕೇಳಿದರು. ಇಬ್ಬರೂ ಸಹಾಬಿಗಳೇ. ಆದರೂ ಪ್ರವಾದಿ (ಸ) ಮುಚ್ಚುಮರೆ ಮಾಡಲಿಲ್ಲ. ಅಬೂ ಜಹ್ಮ್ ಹೆಗಲಿನಿಂದ ಕೋಲು ಇಳಿಸದವರು, ಮುಆವಿಯಾ ಕೈಯಲ್ಲಿ ಏನೂ ಇಲ್ಲದ ಬಡವರು ಎಂದು ತಿಳಿಸಿ, ಉಸಾಮಾ (ರ) ಅವರನ್ನು ಮದುವೆಯಾಗಲು ಹೇಳಿದರು. ಕೇಳಿದ ಹೆಣ್ಣಿನ ಬದುಕು ಅಲ್ಲಿ ಮುಖ್ಯವಾಯಿತು. ಸಲಹೆ ಕೇಳಲ್ಪಟ್ಟವನು ಅಮಾನತ್ ಹೊತ್ತವನು ಎಂದು ಇನ್ನೊಂದು ಹದೀಸ್ ಕಲಿಸುತ್ತದೆ.

ನಮ್ಮ ಶಾಫಿಈ ಮದ್‌ಹಬ್‌ನ ಇಮಾಮ್ ನವವಿ, ಪರರ ದೋಷ ಹೇಳುವುದು ಹರಾಮ್ ಆಗದ ಆರು ಸಂದರ್ಭಗಳನ್ನು ವಿವರಿಸಿದ್ದಾರೆ. ಮದುವೆ, ಪಾಲುದಾರಿಕೆ, ಅಮಾನತ್ ಇಡುವುದು ಮುಂತಾದ ವಿಷಯದಲ್ಲಿ ಸಲಹೆ ಕೇಳಿದವನಿಗೆ ಸತ್ಯ ತಿಳಿಸುವುದು ಅದರಲ್ಲಿ ಒಂದು. ಅದಕ್ಕೂ ಅವರು ಗಡಿ ಹಾಕಿದ್ದಾರೆ. ‘ಈ ಸಂಬಂಧ ನಿಮಗೆ ಹೊಂದುವುದಿಲ್ಲ’ ಎಂದಷ್ಟೇ ಹೇಳಿ ಕೆಲಸ ಆಗುವುದಾದರೆ, ದೋಷಗಳ ಪಟ್ಟಿ ಬಿಚ್ಚಬಾರದು. ಅಂದು ನಾನು ಆ ಹಿರಿಯರಿಗೆ ‘‘ಸ್ವಲ್ಪ ತಡೆಯಿರಿ, ಇನ್ನೂ ವಿಚಾರಿಸಿ’’ ಎಂದಿದ್ದರೂ ಸಾಕಿತ್ತು. ನಾಲ್ಕು ಪದಗಳು. ಅದೂ ನನ್ನ ಬಾಯಿಂದ ಬರಲಿಲ್ಲ.

ಅನ್ಯಾಯಕ್ಕೊಳಗಾದ ಸಹೋದರನಿಗೂ ಅನ್ಯಾಯ ಮಾಡುವ ಸಹೋದರನಿಗೂ ಸಹಾಯ ಮಾಡಬೇಕೆಂದು ಪ್ರವಾದಿ (ಸ) ಹೇಳಿದಾಗ ಸಹಾಬಿಗಳಿಗೇ ಆಶ್ಚರ್ಯವಾಯಿತು. ಅನ್ಯಾಯ ಮಾಡುವವನಿಗೆ ಸಹಾಯ ಹೇಗೆ? ಅವನ ಕೈ ಹಿಡಿದು ತಡೆಯುವುದೇ ಸಹಾಯ ಎಂಬ ಉತ್ತರ ಬಂತು. ಸಹೀಹ್ ಬುಖಾರಿಯ ಈ ಹದೀಸನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ!

ಇವತ್ತು ಇದು ಮದುವೆಯ ವಿಚಾರಕ್ಕೆ ಮಾತ್ರ ಸೀಮಿತವಲ್ಲ. ಗಾಂಜಾ, ಎಂಡಿಎಂಎ ನಮ್ಮ ಗಲ್ಲಿಗಳವರೆಗೆ ಬಂದಿದೆ. ಮಗ ಹಾಳಾದದ್ದು ಮನೆಯವರಿಗೆ ಕೊನೆಗೆ ಗೊತ್ತಾಗುತ್ತದೆ, ಚಙಾಯಿಗಳಿಗೆ ಮೊದಲೇ ಗೊತ್ತಿರುತ್ತದೆ. ರಾತ್ರಿ ಉಮ್ಮ ಫೋನ್ ಮಾಡಿದರೆ ‘‘ಅವನು ನಮ್ಮ ಮನೆಯಲ್ಲೇ ಮಲಗಿದ್ದಾನೆ’’ ಎಂದು ಸುಳ್ಳು ಹೇಳುವವರು ಅವರೇ. ಹಾಗೆ ಹೇಳಿದ ಹುಡುಗನನ್ನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನು ಚಙಾಯಿ ಎಂಬ ಪದದ ಅರ್ಥ ತಪ್ಪು ತಿಳಿದಿದ್ದಾನೆ, ನಾನು ತಿಳಿದ ಹಾಗೆಯೇ. ಗೆಳೆಯನ ಪೊಟ್ಟಣವನ್ನು ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡವನನ್ನು 1985ರ ಎನ್‌ಡಿಪಿಎಸ್ ಕಾಯ್ದೆಯ ಮುಂದೆ ದೋಸ್ತಿ ಕಾಪಾಡುವುದಿಲ್ಲ. ಗಲ್ಫಿಗೆ ಹೋಗುವಾಗ ‘‘ಸ್ವಲ್ಪ ಉಪ್ಪಿನಕಾಯಿ, ಅಲ್ಲಿ ಒಬ್ಬರು ಬಂದು ತಗೊಳ್ತಾರೆ’’ ಎಂದು ಯಾರೋ ಕೊಟ್ಟದ್ದನ್ನು ಬಿಚ್ಚಿ ನೋಡದೆ ಕೊಂಡುಹೋಗುವುದೂ ಹೀಗೆಯೇ. ನಿಜವಾದ ಚಙಾಯಿಯಾದರೆ, ಬಿಚ್ಚಿ ನೋಡುವಾಗ ಬೇಸರ ಮಾಡುವುದಿಲ್ಲ. ಬೇಸರ ಮಾಡಿದರೆ, ಬೇಸರವೇ ಒಂದು ಉತ್ತರ.

ಹೇಳಬಾರದಾಗ ಮುಚ್ಚಿಡುವುದು

ಇನ್ನೊಂದು ಬದಿಯೂ ಇದೆ. ‘‘ನಾನು ಸತ್ಯವನ್ನೇ ಹೇಳಿದ್ದು’’ ಎಂದುಕೊಂಡು ಗೆಳೆಯನ ಗುಟ್ಟನ್ನು ಊರಿಗೆಲ್ಲ ಹಂಚುವವರಿದ್ದಾರೆ. ಗಂಡ ಹೆಂಡತಿಯ ಜಗಳ, ಸಾಲದ ಸಂಕಟ, ಮಗಳ ಪರೀಕ್ಷೆಯ ಫೇಲು ಎಲ್ಲವನ್ನೂ ಒಬ್ಬ ನಂಬಿ ಹೇಳುತ್ತಾನೆ. ರಾತ್ರಿಯಾಗುವಾಗ ಅದರ ಸ್ಕ್ರೀನ್‌ಶಾಟ್ ಮೂರು ಗ್ರೂಪಿಗೆ ಹೋಗಿರುತ್ತದೆ. ಇದು ಸಿದ್ಕ್ ಅಲ್ಲ, ಗೀಬತ್. ಇರುವ ದೋಷವನ್ನು ಬೆನ್ನ ಹಿಂದೆ ಹೇಳಿದರೆ ಗೀಬತ್, ಇಲ್ಲದ್ದನ್ನು ಹೇಳಿದರೆ ಅದಕ್ಕಿಂತ ದೊಡ್ಡ ಸುಳ್ಳಾರೋಪ ಎಂದು ಪ್ರವಾದಿ (ಸ) ಬಿಡಿಸಿ ಹೇಳಿದ್ದಾರೆ. ಒಬ್ಬ ಮಾತಾಡುವಾಗ ಆಚೆ ಈಚೆ ತಿರುಗಿ ನೋಡಿದರೆ ಸಾಕು, ಆ ಮಾತು ಅಮಾನತ್ ಎಂದೂ ಕಲಿಸಿದ್ದಾರೆ. ‘ಯಾರಿಗೂ ಹೇಳಬೇಡ’ ಎಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ.

ಉಮರ್ (ರ) ಅವರ ಮಗಳು ಹಫ್ಸಾ (ರ) ವಿಧವೆಯಾದಾಗ, ಉಮರ್ ಅವರು ಮಗಳನ್ನು ಮದುವೆಯಾಗುವಂತೆ ಮೊದಲು ಉಸ್ಮಾನ್ (ರ) ಅವರನ್ನು, ಆಮೇಲೆ ಅಬೂಬಕರ್ (ರ) ಅವರನ್ನು ಕೇಳಿದರು. ಅಬೂಬಕರ್ ಉತ್ತರವೇ ಕೊಡಲಿಲ್ಲ. ಉಮರ್ ಅವರಿಗೆ ತುಂಬ ಬೇಸರವಾಯಿತು. ಕೆಲವು ದಿನಗಳಲ್ಲಿ ಪ್ರವಾದಿ (ಸ) ಹಫ್ಸಾರನ್ನು ವಿವಾಹವಾದರು. ಆಗ ಅಬೂಬಕರ್ ಬಂದು ಕಾರಣ ಹೇಳಿದರು: ಪ್ರವಾದಿ (ಸ) ಹಫ್ಸಾರ ಬಗ್ಗೆ ಮಾತಾಡಿದ್ದು ಅವರಿಗೆ ಗೊತ್ತಿತ್ತು, ಆ ಗುಟ್ಟನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಒಬ್ಬ ಗೆಳೆಯನ ಗುಟ್ಟು ಕಾಪಾಡಲು ಇನ್ನೊಬ್ಬ ಗೆಳೆಯನ ಬೇಸರವನ್ನು ತಾನೇ ಹೊತ್ತರು. ಸುಳ್ಳನ್ನೂ ಹೇಳಲಿಲ್ಲ, ಗುಟ್ಟನ್ನೂ ಬಿಡಲಿಲ್ಲ. ಸಿದ್ದೀಕ್ ಎಂಬ ಹೆಸರಿಗೆ ಇದಕ್ಕಿಂತ ದೊಡ್ಡ ವಿವರಣೆ ಬೇಕಾ?

ಇಮಾಮ್ ಗಝ್ಝಾಲಿ ತಮ್ಮ ಇಹ್ಯಾ ಗ್ರಂಥದಲ್ಲಿ ಗೆಳೆತನದ ಎಂಟು ಹಕ್ಕುಗಳನ್ನು ಹೇಳುವಾಗ ನಾಲಗೆಗೆ ಎರಡು ಹಕ್ಕು ಕೊಟ್ಟಿದ್ದಾರೆ. ಒಂದು ಮೌನ, ಇನ್ನೊಂದು ಮಾತು. ಯಾವಾಗ ಯಾವುದು ಎಂದು ತಿಳಿಯದಿದ್ದರೆ ಗೆಳೆತನ ಕೆಡುತ್ತದೆ. ನನಗೆ ತೋಚುವ ಸುಲಭ ಅಳತೆ ಇದು: ‘ನಾನು ಹೇಳಿದರೆ ಯಾರಿಗೆ ರಕ್ಷಣೆ? ಹೇಳದಿದ್ದರೆ ಯಾರಿಗೆ ಹಾನಿ?’ ಹೇಳುವುದರಿಂದ ಯಾರೂ ಉಳಿಯುವುದಿಲ್ಲವಾದರೆ ಬಾಯಿ ಮುಚ್ಚಬೇಕು. ಹೇಳದಿದ್ದರೆ ಒಬ್ಬರ ಪ್ರಾಣ, ಮಾನ, ಸೊತ್ತು ಹೋಗುತ್ತದೆ ಎಂದಾದರೆ ಬಾಯಿ ತೆರೆಯಬೇಕು. ಅದೂ ಊರಿಗೆಲ್ಲ ಅಲ್ಲ, ಮೊದಲು ಗೆಳೆಯನಿಗೆ, ಆಮೇಲೆ ಸಂಬಂಧಪಟ್ಟವರಿಗೆ ಮಾತ್ರ.

ಬರೆದಿಟ್ಟರೆ ನಂಬಿಕೆ ಇಲ್ಲ ಅಂತಲ್ಲ

ಸಾಲದ ವಿಚಾರದಲ್ಲೂ ಎರಡು ಮಾತು. ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದರ ಬಗ್ಗೆ ಎಂದು ಮಕ್ಕಳನ್ನು ಕೇಳಿದರೆ ನಮಾಝ್, ಹಜ್ ಎಂದು ಹೇಳುತ್ತಾರೆ. ಅಲ್ಲ, ಸೂರಃ ಬಕರಾದ 282ನೇ ಆಯತ್, ಸಾಲವನ್ನು ಬರೆದಿಡುವ ಬಗ್ಗೆ. ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು ಎಂದು ಅಲ್ಲಾಹನು ಕಲಿಸುತ್ತಾನೆ. ‘ಚಙಾಯಿ ಅಲ್ವಾ’ ಎಂದು ಬರೆಯದೆ ಬಿಟ್ಟ ಲಕ್ಷ ರೂಪಾಯಿ, ನಾಳೆ ಇಬ್ಬರಲ್ಲಿ ಒಬ್ಬರು ಮೌತಾದರೆ ಮಕ್ಕಳ ನಡುವೆ ಬೆಂಕಿ ಹಚ್ಚುತ್ತದೆ. ಎಷ್ಟು ಜಮಾಅತ್‌ಗಳಲ್ಲಿ ಇಂಥ ಪಂಚಾಯಿತಿಕೆ ನಡೆದಿಲ್ಲ! ಬರೆದಿಡುವುದು ಗೆಳೆತನವನ್ನು ಸಂಶಯಿಸುವುದಲ್ಲ, ಕಾಪಾಡುವುದು.

ಬೇರೆ ಧರ್ಮದ ಚಙಾಯಿ

ಕೊನೆಗೆ, ಈಗಿನ ವಾತಾವರಣದಲ್ಲಿ ಹೇಳಲೇಬೇಕಾದ ಒಂದು ವಿಷಯ. ‘‘ಹೊರಗಿನವರನ್ನು ಹತ್ತಿರ ಬಿಟ್ಟುಕೊಳ್ಳಬಾರದು ಅಂತ ಕುರ್‌ಆನಿನಲ್ಲೇ ಇದೆಯಲ್ಲಾ ಉಸ್ತಾದೇ?’’ ಎಂದು ಕೆಲವು ಯುವಕರು ಕೇಳುತ್ತಾರೆ. ಸೂರಃ ಆಲು ಇಮ್ರಾನ್‌ನ 118ನೇ ಆಯತ್‌ನಲ್ಲಿ ‘ಬಿತಾನ’ ಎಂಬ ಪದ ಇದೆ. ಬಟ್ಟೆಯ ಒಳಗಿನ ಲೈನಿಂಗ್‌ಗೆ ಬಳಸುವ ಪದ ಅದು. ಅಂದರೆ ಮೈಗೆ ತಾಗುವಷ್ಟು ಹತ್ತಿರದ ಗುಟ್ಟಿನ ಗೆಳೆಯ. ಯಾರನ್ನು ಹಾಗೆ ಇಟ್ಟುಕೊಳ್ಳಬಾರದು ಎಂಬ ಕಾರಣವೂ ಅದೇ ಆಯತ್‌ನಲ್ಲಿದೆ: ನಿಮ್ಮ ನಾಶ ಬಯಸುವವರು, ಬಾಯಿಯಿಂದಲೇ ದ್ವೇಷ ಕಾರುವವರು. ದ್ವೇಷ ಮಾಡದೆ, ಮನೆಯಿಂದ ಹೊರಗೆ ಹಾಕದೆ ಇರುವವರ ಜೊತೆ ಒಳಿತಿನಿಂದಲೂ ನ್ಯಾಯದಿಂದಲೂ ನಡೆಯುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂದು ಸೂರಃ ಮುಮ್ತಹಿನ 8ನೇ ಆಯತ್ ಸ್ಪಷ್ಟವಾಗಿ ಹೇಳುತ್ತದೆ.

ಹಿಜ್‌ರಾದ ಆ ರಾತ್ರಿಯನ್ನೇ ನೋಡಿ. ಮಕ್ಕಾದ ಜನ ಪ್ರವಾದಿ (ಸ) ಅವರನ್ನು ಕೊಲ್ಲಲು ಹುಡುಕುತ್ತಿದ್ದರು. ಆಗ ದಾರಿ ತೋರಿಸಲು ನೇಮಿಸಿಕೊಂಡದ್ದು ಅಬ್ದುಲ್ಲಾಹ್ ಬಿನ್ ಉರೈಕಿತ್ ಎಂಬವನನ್ನು. ಅವನು ಆಗ ಕುರೈಷರ ಧರ್ಮದಲ್ಲೇ ಇದ್ದವನು. ಅವನನ್ನು ನಂಬಿ ಎರಡು ಒಂಟೆಗಳನ್ನು ಅವನ ಕೈಗೆ ಒಪ್ಪಿಸಿದರು. ಮೂರು ರಾತ್ರಿ ಕಳೆದು ಸೌರ್ ಗುಹೆಗೆ ತರುವಂತೆ ಹೇಳಿದರು. ಗುಹೆಯ ಜಾಗ ಅವನಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ, ಹೇಳಿದ ಹೊತ್ತಿಗೆ ಬಂದ. ಅತ್ತ ಮಕ್ಕಾದ ಜನ ಪ್ರವಾದಿಯ ಹತ್ತಿರ ಇಟ್ಟಿದ್ದ ಅಮಾನತ್‌ಗಳನ್ನು ಹಿಂದಿರುಗಿಸಲು ಅಲೀ (ರ) ಊರಿನಲ್ಲೇ ಉಳಿದರು. ಕೊಲ್ಲಲು ಬಂದವರ ಸೊತ್ತಿಗೂ ಖಿಯಾನತ್ ಆಗಲಿಲ್ಲ. ನಂಬಿಕೆ ಎಂಬುದು ಎರಡೂ ಕಡೆಯಿಂದ ಹೀಗೆ ನಡೆಯಿತು.

ಹಾಗಾಗಿ ನಿಮ್ಮ ಬಾಪನ ಕಾಲದಿಂದ ಅಂಗಡಿಯ ಲೆಕ್ಕ ನೋಡುವ ಶೆಟ್ಟರನ್ನೋ, ಉಮ್ಮನ ಹೆರಿಗೆಗೆ ಓಡಿ ಬಂದ ಪಕ್ಕದ ಮನೆಯ ಬಾಯಮ್ಮನನ್ನೋ ಯಾರೋ ಕಳಿಸಿದ ಮೆಸೇಜ್ ನೋಡಿ ದೂರ ಮಾಡಬೇಡಿ. ನಂಬಿಗಸ್ತನನ್ನು ಅಳೆಯುವುದು ಅವನ ನಡತೆಯಿಂದ.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಮಗ್ರಿಬ್ ಆದ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ‘‘ನಿನ್ನ ಚಙಾಯಿಗಳಲ್ಲಿ ನಿನ್ನ ತಪ್ಪನ್ನು ನಿನ್ನ ಮುಖಕ್ಕೇ ಹೇಳುವವನು ಯಾರು?’’ ಎಂದು ಕೇಳಿ. ಒಂದು ಹೆಸರು ಬಂದರೆ ಆ ಮಗುವನ್ನು ಮನೆಗೆ ಕರೆದು ಪತ್ತಿರಿ, ಚಾ ಕೊಡಿ. ಯಾವ ಹೆಸರೂ ಬರದಿದ್ದರೆ ಬೈಯಬೇಡಿ, ಹತ್ತಿರ ಕೂತು ಮಾತಾಡಿ. ಆಮೇಲೆ ಅದೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ.

ನನ್ನ ಆ ಗೆಳೆಯ ಈಗ ಜುಗಾರಿ ಬಿಟ್ಟು ಐದು ವರ್ಷವಾಯಿತು. ಮಕ್ಕಳ ಖರ್ಚಿಗೆ ತಿಂಗಳು ತಿಂಗಳು ಹಣ ಕಳಿಸುತ್ತಾನೆ. ಮೊನ್ನೆ ನಾನು ತರಗತಿಯಲ್ಲಿ ಮಕ್ಕಳಿಗೆ ಹೊಡೆದ ವಿಷಯ ಅವನಿಗೆ ಗೊತ್ತಾಗಿ, ಮನೆಗೇ ಬಂದು, ‘‘ನೀನು ಮಾಡಿದ್ದು ಸರಿಯಲ್ಲ’’ ಅಂದ. ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಅಲ್‌ಹಮ್ದುಲಿಲ್ಲಾಹ್ ಎಂದೆ. ಮರುದಿನ ಆ ಮಗುವಿನ ಹತ್ತಿರ ಮಾಫಿ ಕೇಳಿದೆ.

ಅಲ್ಲಾಹನು ನಮಗೆ ಅಂಥ ಚಙಾಯಿಗಳನ್ನು ಕೊಡಲಿ. ನಮ್ಮನ್ನೂ ಅಂಥ ಚಙಾಯಿಗಳನ್ನಾಗಿ ಮಾಡಲಿ. ಆಮೀನ್.